ಕಾರವಾರಕ್ಕೆ ಹೊರಟ ತಮ್ಮನಿಗೆ, ಲಂಗರಿನ ವಿಚಾರ

ಆಕ್ಲೆಂಡ್

ಪ್ರೀತಿಯ ಶಿವು,

ಕಾರವಾರದಲ್ಲಿ ಪ್ರವಾಸಿಗರ ಬೋಟಿಗೆ ಕೆಲಸಕ್ಕೆ ಸೇರ್ತೀಯಂತೆ, ಅವ್ವ ಹೇಳಿದ್ಲು. ಹೊಸಬರನ್ನ ಮೊದಲು ಹಚ್ಚೋದೇ ಲಂಗರಿಗೆ. ಮಂಡ್ಯದ ತೋಳು ಅಂತ ಎಳೆಯೋಕೆ ನಿಲ್ಲಬೇಡ. ಬೋಟನ್ನ ಲಂಗರಿನ ಹತ್ತಿರಕ್ಕೆ ಒಯ್ಯಬೇಕಾದ್ದು ಇಂಜಿನ್; ನಿನ್ನ ಸೊಂಟವೂ ಅಲ್ಲ, ವಿಂಡ್ಲಾಸಿನ (ಸರಪಳಿ ಎಳೆದು ಲಂಗರು ಎತ್ತೋ ಯಂತ್ರ) ಮೋಟರೂ ಅಲ್ಲ.

ಸರಪಳಿ ಮುಟ್ಟುವ ಮೊದಲೇ ಇಂಜಿನ್ ಓಡ್ತಿರಲಿ. 12 ವೋಲ್ಟಿನಲ್ಲಿ 1000 ವ್ಯಾಟಿನ ಮೋಟರು 80 ಆಂಪಿಯರ್‌ಗೂ ಮೀರಿ ಎಳೆಯುತ್ತೆ, ಬ್ಯಾಟರಿ ಒಂದೇ ತಡೆಯಲ್ಲ. ಚುಕ್ಕಾಣಿ ಹಿಡಿದವನಿಗೆ ಸರಪಳಿ ಕಾಣಲ್ಲ, ಕೂಗಿದರೂ ಕೇಳಲ್ಲ. ಅದು ಹೋಗಿರೋ ದಿಕ್ಕಿಗೆ ಕೈ ಚಾಚಿ ತೋರಿಸು. ಅವನು ಮುಂದೆ ಬಂದಷ್ಟೂ ಸಡಿಲಾದ ಸರಪಳಿ ಮಾತ್ರ ಸುತ್ತಿಕೋ. ಬಿಗಿಯಾದರೆ ವಿಂಡ್ಲಾಸಿನ ಕಾಲು-ಸ್ವಿಚ್ಚಿನಿಂದ ಕಾಲು ತೆಗಿ.

ಸರಪಳಿ ಬೋಟಿನ ಮೂತಿಯಿಂದ (ಮುಂತುದಿಯಿಂದ) ನೆಟ್ಟಗೆ ಇಳಿದಾಗ ಲಂಗರು ಇನ್ನೂ ಕೆಸರಲ್ಲಿ ಹೂತಿರುತ್ತೆ. ಮೋಟರು ಸುಡೋದು ಇಲ್ಲೇ. ಬೋರ್‌ವೆಲ್ ಮೋಟರ್ ಎತ್ತುವಾಗ ಪೈಪಿಗೆ ಕ್ಲಾಂಪ್ ಹಾಕಿ ಭಾರ ಬಿಡ್ತೀವಲ್ಲ, ಹಾಗೆ ಸರಪಳಿಗೆ ಸ್ಟಾಪರ್, ಅಂದರೆ ಅದನ್ನ ಜಾರದಂತೆ ಹಿಡಿಯೋ ತಡೆ, ಹಾಕು. ಅಲೆಗೆ ಮೂತಿ ಎದ್ದಾಗ ಬೋಟೇ ಲಂಗರನ್ನ ಕೀಳುತ್ತೆ. ಅಲೆ ಇಲ್ಲವಾ, ಇಂಜಿನ್ ತುಸು ಮುಂದಕ್ಕೆ ಕೊಡಲಿ. ಕಿತ್ತ ಕೂಡಲೇ ಸರಪಳಿಯ ಬಿಗಿ ಸಡಿಲಾಗುತ್ತೆ.

ವಿಂಡ್ಲಾಸ್ ಕೆಟ್ಟು ಕೈಯಲ್ಲೇ ಎಳೆಯೋದಾದರೆ ಲೆಕ್ಕ ನೋಡು. 8 ಎಂಎಂ ಸರಪಳಿ ಮೀಟರಿಗೆ ಸುಮಾರು 1.4 ಕೆಜಿ. 10 ಮೀಟರ್ ಆಳಕ್ಕೆ 14 ಕೆಜಿ, ಜೊತೆಗೆ 15 ಕೆಜಿ ಲಂಗರು, ಮೆತ್ತಿರೋ ಕೆಸರು ಬೇರೆ. ನೀರಲ್ಲಿ ಸ್ವಲ್ಪ ಹಗುರ, ಅಷ್ಟೇ. ಡೆಕ್ಕಿನ ಮೇಲೆ ಕೂತು, ಪಾದ ಒತ್ತಿಕೊಂಡು ಕಾಲಿನ ಬಲದಲ್ಲಿ ಎಳಿ. ಮೂತಿ ತಗ್ಗಿದಾಗ ಎಳಿ. ಏಳುವಾಗ ಕ್ಲೀಟಿಗೆ (ಡೆಕ್ಕಿನ ಮೇಲೆ ಹಗ್ಗ ಕಟ್ಟೋ ಗೂಟ) ಸುತ್ತು ಹಾಕಿ ಹಿಡಿ. ಹಗ್ಗವನ್ನ ಅಂಗೈಗೆ ಸುತ್ತಿಕೊಂಡೆಯೋ, ಬೆರಳು ಹೋದ ಹಾಗೇ.

ತಿರುಗೋ ವಿಂಡ್ಲಾಸಿನ ಹತ್ತಿರ ಸಡಿಲ ಕೈಗವಸು, ಹೆಗಲ ಟವೆಲು ಏನೂ ಬೇಡ. ಸರಪಳಿ ಪೆಟ್ಟಿಗೆಯೊಳಗೆ ಗುಡ್ಡೆ ಬಿದ್ದು ತೂತಿಗೆ ಸಿಕ್ಕಿಕೊಳ್ಳುತ್ತೆ. ವಿಂಡ್ಲಾಸಿನ ಬ್ರೇಕರ್ ಆಫ್ ಮಾಡಿ ಆಮೇಲೆ ಗುಡ್ಡೆ ಕೆಡವು. ವಿಂಡ್ಲಾಸನ್ನ ಕೈಯಿಂದ ತಿರುಗಿಸೋ ಹಿಡಿಕೆ ಹಾಕುವಾಗಲೂ ಹಾಗೇ. ಕೊನೇ ಮೀಟರಿನಲ್ಲಿ ಸ್ವಿಚ್ಚು ಬಿಟ್ಟು ಬಿಟ್ಟು ಒತ್ತು, ಲಂಗರು ಮೂತಿಯ ರೋಲರಿಗೆ ಬಡಿದರೆ ಗೇರಿಗೆ ಪೆಟ್ಟು. ಮೇಲೆ ಬಂದ ಲಂಗರು ಜಾರದಂತೆ ಪಿನ್ ಹಾಕು.

ಕೆಆರ್‌ಎಸ್ ಹಿನ್ನೀರಲ್ಲಿ ದೋಣಿ ಇಳಿಸೋ ಚಿಕ್ಕಪ್ಪನಿಗೂ ಹೇಳು: ಸಿಕ್ಕಿಕೊಂಡ ಲಂಗರನ್ನ ದೋಣಿಯ ಹಿಂಬದಿಯಿಂದ ಎಳೀಬಾರದು. ಮೋಟರಿನ ಭಾರಕ್ಕೆ ಅಲ್ಲಿ ಮೊದಲೇ ತಗ್ಗಿರುತ್ತೆ, ನೀರು ನುಗ್ಗುತ್ತೆ. ಕಲ್ಲು, ಬೊಡ್ಡೆ ಇರೋ ಕಡೆ ಲಂಗರಿನ ಕೊಕ್ಕೆ ಕೂಡೋ ಬುಡಕ್ಕೆ, ಆಳಕ್ಕಿಂತ ಉದ್ದದ ಇನ್ನೊಂದು ಗಟ್ಟಿ ಹಗ್ಗ ಕಟ್ಟಿ ತುದಿಗೆ ಖಾಲಿ ಕ್ಯಾನ್ ತೇಲಿಬಿಡಲಿ. ಅದನ್ನ ಎಳೆದರೆ ಕೊಕ್ಕೆ ಹಿಮ್ಮುಖವಾಗಿ ಬಿಡಿಸಿಕೊಳ್ಳುತ್ತೆ.

ನಿನ್ನ ಬೋಟಿನ ಸರಪಳಿ ಎಷ್ಟು ಎಂಎಂ, ವಿಂಡ್ಲಾಸಿನ ಚಕ್ರಕ್ಕೆ ಅದು ಸರಿಯಾಗಿ ಕೂರುತ್ತಾ ನೋಡಿ ಬರಿ. ಅಳತೆ ತಪ್ಪಿದ್ದರೆ ಜಾರುತ್ತೆ. ಅವ್ವ, ಅಪ್ಪನಿಗೆ ನಮಸ್ಕಾರ.

ನಿನ್ನ ಅಣ್ಣ