ಆ ಹಂದಿ ನಮ್ಮ ಮನೆಯದ್ದೇ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಂದು ಪತ್ರ ಬಂದಿತ್ತು. ಕಿನ್ನಿಗೋಳಿ ಹತ್ತಿರದ ಒಂದು ಮದುವೆ ರಿಸೆಪ್ಶನ್‌ನಲ್ಲಿ ಇಡೀ ಹಂದಿಯನ್ನು ಕಂಬಿಗೆ ಪೋಣಿಸಿ ಗೇಟಿನ ಬುಡದಲ್ಲೇ ಬೆಂಕಿಯ ಮೇಲೆ ತಿರುಗಿಸುತ್ತಿದ್ದರು, ಇದು ದುಡ್ಡಿನ ಮದ, ಪರದೇಶದ ಚಾಳಿ, ನೋಡಿ ಹೊಟ್ಟೆ ತೊಳಸಿತು ಎಂದು ಒಬ್ಬರು ಬರೆದಿದ್ದರು. ಊರಿನ ಹೆಸರು ಹಾಕಿದ್ದರು, ಮನೆಯ ಹೆಸರು ಹಾಕಿರಲಿಲ್ಲ. ಅದು ಅವರ ದೊಡ್ಡತನ. ನಾನೇ ಹೇಳಿಬಿಡುತ್ತೇನೆ. ಆ ಹಂದಿ ನಮ್ಮ ಮನೆಯದ್ದು. ಮದುವೆ ನನ್ನ ಮಗನದ್ದು.

ನಾನು 34 ವರ್ಷ ಪೋಸ್ಟ್‌ಮನ್ ಆಗಿದ್ದವನು. ಬೇರೆಯವರ ಕಾಗದ ಹಂಚಿ ಗೊತ್ತೇ ಹೊರತು ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ. ಹೆಸರು ಹಾಕದಿದ್ದರೆ ಒಳ್ಳೆಯದು. ಊರಿನವರಿಗಂತೂ ಗೊತ್ತೇ ಇದೆ.

ನನ್ನ ಮಗ ಕತಾರಿನಲ್ಲಿ ಎಸಿ ಮೆಕ್ಯಾನಿಕ್. ಅವನು ಮದುವೆಯಾದ ಹುಡುಗಿ ಅಲ್ಲಿಯೇ ನರ್ಸ್. ಫಿಲಿಪ್ಪೀನ್ಸ್ ದೇಶದವಳು, ಸೆಬು ದ್ವೀಪದ ತಾಲಿಸಾಯ್ ಎಂಬ ಊರು. ಅವರೂ ನಮ್ಮ ಹಾಗೆ ಕೆಥೋಲಿಕರು. ನಮಗೆ ಪೋರ್ಚುಗೀಸರು ಬಂದರು, ಅವರಿಗೆ ಸ್ಪೇನಿನವರು ಬಂದರು, ಅಷ್ಟೇ ವ್ಯತ್ಯಾಸ. ನಾವು ಕೊಂಕಣಿಯಲ್ಲಿ ಅಡುಗೆಮನೆಗೆ ಕುಜ್ನ್ ಅನ್ನುತ್ತೇವೆ, ಅವರು ಕುಸಿನಾ ಅನ್ನುತ್ತಾರೆ. ಬೀಗರ ಕಡೆಯಿಂದ ಆರು ಜನ ಬಂದಿದ್ದರು. ಆ ಆರು ಜನರ ಜೊತೆ ನಾನು ಒಂದು ವಾರ ಕಳೆದದ್ದು ಇಂಥ ನಾಲ್ಕೈದು ಶಬ್ದ ಮತ್ತು ಕೈಸನ್ನೆಯಲ್ಲೇ.

ಸೆಬುವಿನಲ್ಲಿ ಮದುವೆ, ನಾಮಕರಣ, ಊರಹಬ್ಬ ಯಾವುದೇ ಇರಲಿ, ಮೇಜಿನ ನಡುವೆ ಇಡೀ ಸುಟ್ಟ ಹಂದಿ ಇರಬೇಕು. ಲೆಚೊನ್ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಲೆಚೆ ಎಂದರೆ ಹಾಲು, ಹಾಲು ಕುಡಿಯುವ ಮರಿಯಿಂದ ಬಂದ ಹೆಸರು. ಈಗ ದೊಡ್ಡ ಹಂದಿಗೂ ಅದೇ ಹೆಸರು. ತಾಲಿಸಾಯ್‌ನವರು ಮಾತ್ರ ಇನಾಸಾಲ್ ಎಂದು ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. ಹೆಸರು ಸ್ಪೇನಿನದ್ದಾದರೂ ಹಂದಿ ಸ್ಪೇನಿನದ್ದಲ್ಲ. 1521ರಲ್ಲಿ ಮೆಗಲನ್ ಸೆಬುಗೆ ಬಂದಾಗ ಅವನ ಹಡಗಿನಲ್ಲಿ ಪಿಗಾಫೆಟ್ಟ ಅನ್ನುವ ಇಟಲಿಯವನಿದ್ದ. ಅಲ್ಲಿಯ ಮುದುಕಿಯರು ಹಂದಿ ಬಲಿ ಕೊಟ್ಟು ಪೂಜೆ ಮಾಡುವುದನ್ನು ಅವನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ನನ್ನ ಮಗನಿಗೆ ಇದನ್ನೆಲ್ಲ ಹೇಳಿದವಳು ಸೊಸೆ. ನನಗೆ ಹೇಳಿದವನು ಮಗ. ಹಂದಿ ಬೇಕೇಬೇಕು ಎಂದು ನನ್ನನ್ನು ಒಪ್ಪಿಸಲು ಅಷ್ಟು ಚರಿತ್ರೆ ಬೇಕಿರಲಿಲ್ಲ. ಸೊಸೆಯ ಅಪ್ಪ ತೀರಿಕೊಂಡಿದ್ದಾರೆ. ಅವರಿದ್ದಿದ್ದರೆ ಮಗಳ ಮದುವೆಗೆ ಅವರೇ ಹಂದಿ ಸುಡುತ್ತಿದ್ದರಂತೆ. ಅಷ್ಟು ಕೇಳಿದ ಮೇಲೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಇನ್ನು ನಮಗೇನು ಹಂದಿ ಹೊಸದೇ? ದುಕ್ರಾಮಾಸ್, ಅಂದರೆ ಹಂದಿಮಾಂಸದ ಪದಾರ್ಥ, ಇಲ್ಲದ ಮದುವೆಗೆ ನಮ್ಮವರು ಬಂದು ಉಂಡು ಹೋದರೂ ಊಟ ಆಗಲಿಲ್ಲ ಅನ್ನುತ್ತಾರೆ. ನಾನು ಸಣ್ಣವನಿದ್ದಾಗ ರೋಸ್‌ನ ದಿನ, ಅಂದರೆ ಮದುವೆಯ ಹಿಂದಿನ ದಿನ ಮದುಮಕ್ಕಳಿಗೆ ತೆಂಗಿನ ಹಾಲು ಹಾಕುವ ದಿನ, ಗಂಡಸರೆಲ್ಲ ಹಿತ್ತಲಲ್ಲಿ ಸೇರಿ ಹಂದಿ ಕಡಿಯುತ್ತಿದ್ದರು. ಕರುಳು, ಗುಂಡಿಗೆ ಏನನ್ನೂ ಎಸೆಯುತ್ತಿರಲಿಲ್ಲ. ಅದರಲ್ಲಿ ಕಾಳಿಜ್ ಆಂಕಿತಿ ಮಾಡಿ ಕಡಿದವರೇ ಮೊದಲು ತಿನ್ನುತ್ತಿದ್ದರು. ಕಳ್ಳು ಹಾಕಿ ಉಬ್ಬಿಸಿದ ಸನ್ನ ಒಂದು ಕಡೆ, ಬಾಫಾತ್ ಮಸಾಲೆ ಪುಡಿಯ ಘಾಟು ಇನ್ನೊಂದು ಕಡೆ. ಕೊಡಗಿನಲ್ಲಿ ಕೇಳಿ, ಪಂದಿ ಕರಿ ಬಿಟ್ಟು ಮದುವೆ ಊಟ ಇದೆಯಾ? ನಮ್ಮ ಪಕ್ಕದ ಮನೆಯವರದ್ದು ಹಂದಿ ರೂಪದ ದೈವ ಪಂಜುರ್ಲಿಯನ್ನು ನಂಬುವ ಮನೆ. ತುಳುವಿನಲ್ಲಿ ಪಂಜಿ ಎಂದರೆ ಹಂದಿಯೇ. ನಾನು ಎರಡು ವಾರ ಮುಂಚೆ ಹೋಗಿ, ಹೀಗೊಂದು ಮಾಡುತ್ತಿದ್ದೇವೆ ಎಂದು ಹೇಳಿದ್ದೆ. ಆ ಅಜ್ಜ, ಹೊಗೆ ನಮ್ಮ ಅಂಗಳಕ್ಕೆ ಬಾರದ ಹಾಗೆ ನೋಡಿಕೋ ಮಾರಾಯ ಎಂದರು. ಅಷ್ಟೇ.

ಊರಿನಲ್ಲಿ ಕೆಲವರು ಅದು ಕಾಡುಹಂದಿ ಎಂದೂ ಸುದ್ದಿ ಹಬ್ಬಿಸಿದ್ದಾರೆ. ಕಾಡುಹಂದಿ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎನ್ನುವುದು ನನಗೆ ಗೊತ್ತು. ನಮ್ಮದು ಫಾರ್ಮಿನಲ್ಲಿ ಸಾಕಿದ ಬಿಳಿ ಯಾರ್ಕ್‌ಶೈರ್ ಹಂದಿ. ಜೀವ ಇದ್ದಾಗ 70 ಕಿಲೋ, ಶುಚಿ ಮಾಡಿದ ಮೇಲೆ 52. ರಸೀದಿ ಇದೆ, ಬೇಕಾದವರು ಬಂದು ನೋಡಬಹುದು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ತಪ್ಪು ಆಗಿದೆ. ಆದರೆ ಪತ್ರ ಬರೆದವರು ಹೇಳಿದ ತಪ್ಪೇ ಬೇರೆ, ಆದ ತಪ್ಪೇ ಬೇರೆ.

ಸೊಸೆಯ ಸೋದರಮಾವ ತನ್ನ ಊರಿನಲ್ಲಿ ಇದೇ ಕೆಲಸ ಮಾಡುವವರು. ನಾನೇ ಸುಡುತ್ತೇನೆ ಎಂದು ಅವರು ಹೇಳಿದ್ದರು. ನಾನು ಬೇಡ ಎಂದೆ. ಮನೆಗೆ ಬಂದ ಬೀಗರನ್ನು ಒಲೆ ಮುಂದೆ ಕೂರಿಸುವುದೇ ಅಂತ. ನೀವೇ ಹೇಳಿ, ನಮ್ಮ ಕಡೆ ಯಾರಾದರೂ ಕೂರಿಸುತ್ತಾರಾ? ಹಾಗಾಗಿ ಒಬ್ಬ ಕೇಟರಿಂಗ್‌ನವನನ್ನು ಹಿಡಿದೆ. ಅವನ ಹೆಸರು ಬೇಡ. ಎಲ್ಲ ಗೊತ್ತಿದೆ ಎಂದ. ಮೋಟಾರಿನಲ್ಲಿ ತಾನೇ ತಿರುಗುವ ಕಬ್ಬಿಣದ ಕಂಬಿ ಇದೆ ಎಂದ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಆ ಫೋಟೋ ಅವನದ್ದಲ್ಲ ಎಂದು ಗೊತ್ತಾದದ್ದು ಆಮೇಲೆ.

ರಿಸೆಪ್ಶನ್ ಸಂಜೆ 7ಕ್ಕೆ. ಅವನು ಬೆಂಕಿ ಹಾಕಿದ್ದು ಮಧ್ಯಾಹ್ನ 2ಕ್ಕೆ. 52 ಕಿಲೋ ಹಂದಿಗೆ ಕಡಿಮೆ ಎಂದರೂ ಏಳೆಂಟು ಗಂಟೆ ಬೇಕು ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಕೆಂಡವನ್ನೆಲ್ಲ ಹೊಟ್ಟೆಯ ಅಡಿಯಲ್ಲೇ ಗುಡ್ಡೆ ಹಾಕಿದ. ಹೊಟ್ಟೆಯ ಮಾಂಸ ತೆಳು, ತೊಡೆ ಮತ್ತು ಭುಜ ದಪ್ಪ. ಕೊಬ್ಬು ಕರಗಿ ನೇರ ಕೆಂಡಕ್ಕೆ ಬಿದ್ದು ಧಗ್ ಎಂದು ಉರಿ ಏಳುತ್ತಿತ್ತು. ಮೇಲಿನಿಂದ ಮಸಿ. ನಾಲ್ಕೂವರೆಗೆ ಕರೆಂಟ್ ಹೋಯಿತು. ಜನರೇಟರ್ ಲೈನ್ ಲೈಟಿಗೆ, ಸೌಂಡಿಗೆ ಮಾತ್ರ ಎಳೆದಿದ್ದರು, ಹಂದಿಗೆ ಎಳೆದಿರಲಿಲ್ಲ. ನಲವತ್ತು ನಿಮಿಷ ಅದು ಮಗುಚಿ ಹಾಕಿದ ದೋಣಿಯ ಹಾಗೆ ಅಲ್ಲಾಡದೆ ನಿಂತಿತು. ಒಂದು ಬದಿ ಇದ್ದಿಲು, ಇನ್ನೊಂದು ಬದಿ ಬೆಳ್ಳಗೆ. ಸೋದರಮಾವ ಕೋಟು ಹಾಕಿಕೊಂಡು ಬಂದವರು ಇದನ್ನು ನೋಡಿ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿದರು. ಸಲಿಕೆ ತೆಗೆದುಕೊಂಡು ಕೆಂಡವನ್ನು ಎರಡು ಪಕ್ಕಕ್ಕೂ ಎರಡು ತುದಿಗೂ ಸರಿಸಿದರು. ಆದರೆ ಹೊತ್ತು ಮೀರಿತ್ತು.

ಎಂಟೂಕಾಲು ಗಂಟೆಗೆ ಮದುಮಕ್ಕಳಿಗೆ ಹಾರೈಸುವ ಟೋಸ್ಟ್ ಮುಗಿಯಿತು. ಜನ ತಟ್ಟೆ ಹಿಡಿದು ಸಾಲು ನಿಂತರು. ಕೇಟರಿಂಗ್‌ನವನು ಚೂರಿ ಎತ್ತಿದ. ಹೊರಗೆ ಬೆಂದದ್ದನ್ನು ಕತ್ತರಿಸಿ ಕೊಡುವಾ, ಉಳಿದದ್ದು ಬೇಯುತ್ತಾ ಇರಲಿ ಎಂದ. ಆಗ ನನ್ನ ಸೊಸೆ ಸ್ಟೇಜಿನಿಂದ ಇಳಿದು ಬಂದಳು. ಬಿಳಿ ಗೌನು, ತಲೆಯ ಮೇಲೆ ಹೂವಿನ ಬಳೆ, ಒಂದು ಕೈಯಲ್ಲಿ ಗೌನಿನ ಅಂಚು ಎತ್ತಿ ಹಿಡಿದಿದ್ದಾಳೆ. ಕೇಕ್ ಮಾಡಿ ತಂದಿದ್ದ ನನ್ನ ಅಕ್ಕನ ಮಗಳ ಡಬ್ಬಿಯಲ್ಲಿ ಒಂದು ಸೂಜಿ ಥರ್ಮಾಮೀಟರ್ ಇತ್ತು. ಅದನ್ನು ಇಸಿದುಕೊಂಡು ತೊಡೆಯ ಒಳಗೆ ಎಲುಬಿಗೆ ತಾಗದ ಹಾಗೆ ಚುಚ್ಚಿದಳು. 52 ಡಿಗ್ರಿ. ಹಂದಿಮಾಂಸದ ಒಳಗೆ ಕನಿಷ್ಠ 63 ಡಿಗ್ರಿ ಆಗಿ ಸ್ವಲ್ಪ ಹೊತ್ತು ಹಾಗೇ ನಿಲ್ಲಬೇಕು, 71 ದಾಟಿದರೆ ಇನ್ನೂ ನಿಶ್ಚಿಂತೆ. ಅರೆಬೆಂದದ್ದು ತಿಂದರೆ ಲಾಡಿಹುಳ ಹೊಟ್ಟೆ ಸೇರಬಹುದು. ಸೊಸೆ ಎರಡೇ ಮಾತು ಹೇಳಿದಳು. ನೋ, ಸಾರಿ. ನರ್ಸ್‌ಗಳು ಹೇಳುವ ಧಾಟಿಯಲ್ಲೇ. ಅದರ ಮುಂದೆ ಯಾರೂ ಮಾತಾಡಲಿಲ್ಲ.

ಹಿಂಬದಿಯಲ್ಲಿ ನಮ್ಮ ಊರಿನ ಹಳೆಯ ಅಡುಗೆಯವರು ಸನ್ನ ಬೇಯಿಸುತ್ತಿದ್ದರು. ವಯಸ್ಸು ಎಪ್ಪತ್ತರ ಮೇಲೆ. ಹಂದಿಯನ್ನು ಕಂಬಿ ಸಮೇತ ಅವರ ಹತ್ತಿರ ಹೊತ್ತುಕೊಂಡು ಹೋದೆವು. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾಲ್ಕು ಜನ ಕೊಡಲಿ, ಕತ್ತಿ ಹಿಡಿದು ತುಂಡು ಮಾಡಿದೆವು. ಸುಟ್ಟು ಕರಿದಾದದ್ದನ್ನು ಕೆರೆದರು. ದೊಡ್ಡ ಕೊಪ್ಪರಿಗೆಗೆ ನೀರುಳ್ಳಿ, ಶುಂಠಿ, ಹಸಿಮೆಣಸು, ಬಾಫಾತ್ ಪುಡಿ, ವಿನೆಗರ್ ಬಿತ್ತು. ಅರ್ಧ ಬೆಂದಿದ್ದ ಕಾರಣ ಒಂದು ಗಂಟೆ ಸಾಕಾಯಿತು. ಬಡಿಸುವ ಮೊದಲು ಸೊಸೆ ಬಂದು ಮತ್ತೆ ಚುಚ್ಚಿ ನೋಡಿದಳು, ಅದು ಬೇರೆ ಮಾತು. 450 ಜನರಲ್ಲಿ ಆಗ ಉಳಿದಿದ್ದವರು 150 ಇರಬಹುದು. ಹೊಗೆಯ ವಾಸನೆ ಹಿಡಿದ ಆ ದುಕ್ರಾಮಾಸ್ ಬಗ್ಗೆ ಜನ ಈಗಲೂ ಕೇಳುತ್ತಾರೆ, ಏನು ಹಾಕಿದ್ದಿರಿ ಅಂತ. ಏನು ಹೇಳುವುದು? ಎಂಟು ಸಾವಿರ ರೂಪಾಯಿಯ ಬಾಡಿಗೆ ಕಂಬಿ ಹಾಕಿದೆವು ಎನ್ನಬೇಕಷ್ಟೆ. ಅಂತೂ ಅನ್ನ ಹಾಳು ಮಾಡಿದರು ಎಂದು ಪತ್ರದಲ್ಲಿದ್ದ ಮಾತು ಸುಳ್ಳು. ಎಲುಬು ಕೂಡ ಉಳಿಯಲಿಲ್ಲ.

ಮಾರನೇ ದಿನದ ವಿಷಯ ಹೇಳದಿದ್ದರೆ ಬೀಗರಿಗೆ ಅನ್ಯಾಯವಾಗುತ್ತದೆ. ಸೋದರಮಾವ ಬೆಳಗ್ಗೆ ಎದ್ದು ನಮ್ಮ ಹಿತ್ತಲಿಗೆ ಒಂದು ಸುತ್ತು ಬಂದರು. ಬಿದಿರಿನ ಮೆಳೆ ನೋಡಿ ನಕ್ಕರು. ಬಾವಿಯ ಹತ್ತಿರ ಮಜ್ಜಿಗೆ ಹುಲ್ಲಿನ, ಅಂದರೆ ಲೆಮನ್ ಗ್ರಾಸಿನ ಬುಡ ನೋಡಿ ಕೈ ಜೋಡಿಸಿದರು. ನಾವು ಕಷಾಯಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ. 12 ಕಿಲೋದ ಒಂದು ಮರಿ ತರಿಸಿದೆವು. ಹೊಟ್ಟೆಯೊಳಗೆ ಮಜ್ಜಿಗೆ ಹುಲ್ಲು ಕಟ್ಟು ಕಟ್ಟಾಗಿ ತುಂಬಿ, ಬೆಳ್ಳುಳ್ಳಿ, ನೀರುಳ್ಳಿ ಸೊಪ್ಪು, ಉಪ್ಪು ಹಾಕಿ ಹೊಲಿದರು. ಹಸಿ ಬಿದಿರಿನ ಗಳಕ್ಕೆ ಪೋಣಿಸಿದರು. ತೆಂಗಿನ ಗೆರಟೆಯ ಕೆಂಡವನ್ನು ಎರಡು ಪಕ್ಕದಲ್ಲಿ ಸಾಲು ಮಾಡಿದರು, ಅಡಿಯಲ್ಲಿ ಖಾಲಿ. ಆಗಾಗ ಚರ್ಮಕ್ಕೆ ಎಳನೀರು ಸವರುತ್ತಿದ್ದರು. ಮೋಟಾರಿಲ್ಲ, ಕೈಯಲ್ಲೇ ತಿರುಗಿಸುವುದು. ನಾಲ್ಕು ಗಂಟೆ ಅವರು ಅಲ್ಲಿಂದ ಏಳಲಿಲ್ಲ. ನಾನೂ ಒಂದು ಗಂಟೆ ತಿರುಗಿಸಿದೆ, ಈ ಭುಜ ಇನ್ನೂ ನೋಯುತ್ತಿದೆ. ಕೊನೆಗೆ ಚರ್ಮ ಜೇನಿನ ಬಣ್ಣಕ್ಕೆ ಬಂತು. ಬೆರಳಿನಿಂದ ತಟ್ಟಿದರೆ ಹಪ್ಪಳದ ಹಾಗೆ ಟಕ್ ಟಕ್ ಅನ್ನುತ್ತಿತ್ತು. ಮೊದಲ ಚೂರು ಮುರಿದು ನನ್ನ ಹೆಂಡತಿಗೆ ಕೊಟ್ಟರು. ಅವಳು ತಿಂದು ಸುಮ್ಮನೆ ಕಣ್ಣು ಮುಚ್ಚಿದಳು. ಉಳಿದದ್ದಕ್ಕೆ ರಾತ್ರಿ ವಿನೆಗರ್ ಹಾಕಿ ಪಾಕ್ಸಿವ್ ಅಂತ ಒಂದು ಸಾರು ಮಾಡಿದರು. ನಮ್ಮ ಇಂದಾದ್ ಎಂಬ ಹಂದಿ ಪದಾರ್ಥಕ್ಕೆ ದೂರದ ತಂಗಿ ಇದ್ದ ಹಾಗಿತ್ತು.

ಪತ್ರ ಬರೆದವರು ಆ ದಿನ ಬಂದಿದ್ದರೆ ಪರದೇಶದ ಚಾಳಿ ಅನ್ನುತ್ತಿರಲಿಲ್ಲ ಅನಿಸುತ್ತದೆ. ಬಿದಿರು ನಮ್ಮದು, ಗೆರಟೆ ನಮ್ಮದು, ಎಳನೀರು ನಮ್ಮದು. ಅವರು ನೋಡಿದ್ದು ಕೇಟರಿಂಗ್‌ನವನ ಹಂದಿಯನ್ನು.

ಆದರೆ ಅವರ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಗೇಟಿನ ಹತ್ತಿರ ಯಾಕೆ ಇಟ್ಟಿರಿ ಎಂದು ಕೇಳಿದ್ದಾರೆ. ಅಲ್ಲಿಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಆ ಕೇಟರಿಂಗ್‌ನವನು ಹೇಳಿದ, ನಾನು ಹೂಂ ಎಂದೆ. ಹೂವಿನ ಕಮಾನು, ಅದರ ಪಕ್ಕ ಬಾಯಲ್ಲಿ ಸೇಬು ಕಚ್ಚಿಸಿದ ಹಂದಿ. ಬಂದವರೆಲ್ಲ ಅದರ ಮುಂದೆಯೇ ಹಾದು ಬರಬೇಕು. ತರಕಾರಿ ಊಟಕ್ಕೆ ಬೇರೆ ಚಪ್ಪರ ಹಾಕಿಸಿದ್ದೆ, ಬೇರೆ ಪಾತ್ರೆ, ಬೇರೆ ಸೌಟು, ಬಡಿಸುವವರೂ ಬೇರೆ. ಇಲ್ಲಿ ಹಂದಿ ಇದೆ ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡ್ ಬರೆಸಿದ್ದೆ. ಇಷ್ಟೆಲ್ಲ ಯೋಚನೆ ಮಾಡಿದ ತಲೆಗೆ ಗೇಟಿನ ವಿಷಯ ಹೊಳೆಯಲಿಲ್ಲ.

ನನ್ನ ಪಕ್ಕದ ಬೀಟಿನಲ್ಲಿ 22 ವರ್ಷ ಕಾಗದ ಹಂಚಿದ ಒಬ್ಬ ಸ್ನೇಹಿತ ಇದ್ದಾನೆ. ಮುಸಲ್ಮಾನ. ಮಳೆಗಾಲದಲ್ಲಿ ನನ್ನ ಚೀಲವನ್ನು ಅವನೂ, ಅವನ ಚೀಲವನ್ನು ನಾನೂ ಹೊತ್ತದ್ದಿದೆ. ಅಂದು ಸಂಜೆ ಅವನು, ಅವನ ಹೆಂಡತಿ ಮತ್ತು ಮೊಮ್ಮಗಳು ಗೇಟಿನ ತನಕ ಬಂದು ನಿಂತರಂತೆ. ಆಮೇಲೆ ಹಾಲ್‌ನ ಹಿಂದಿನಿಂದ ಸುತ್ತು ಹಾಕಿ, ಜನರೇಟರ್ ಇಟ್ಟಿದ್ದ ಸಂದಿಯಲ್ಲಿ ಡೀಸೆಲ್ ಹೊಗೆ ಕುಡಿದು ಒಳಗೆ ಬಂದರು. ನನಗೆ ಏನೂ ಹೇಳಲಿಲ್ಲ. ಮಗನ ಕೈಗೆ ಕವರ್ ಕೊಟ್ಟ, ಸೊಸೆಯ ತಲೆ ಮುಟ್ಟಿದ, ತರಕಾರಿ ಚಪ್ಪರದಲ್ಲಿ ಉಂಡ, ಹೋದ. ಮಗುವಿನ ಬಿಳಿ ಫ್ರಾಕಿಗೆ ಜನರೇಟರಿನ ಗ್ರೀಸ್ ಹತ್ತಿತ್ತು ಎಂದು ಅಡುಗೆಯ ಹೆಂಗಸೊಬ್ಬರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ನಿಮಗೆ ಪತ್ರ ಬರೆದವರ ಹೊಟ್ಟೆ ತೊಳಸಿದ್ದಕ್ಕೆ ನನಗೆ ಅಷ್ಟು ಬೇಸರ ಇಲ್ಲ. ಅವರು ರಸ್ತೆಯಲ್ಲಿ ಹೋಗುತ್ತಿದ್ದವರು, ಮುಖ ತಿರುಗಿಸಬಹುದಿತ್ತು. ಇವನು ನಾನು ಕರೆದು ಬಂದವನು.

ಮರುದಿನ ಅವನ ಮನೆಗೆ ಹೋದೆ. ಚಹಾ ಕೊಟ್ಟ. ನಾನು ಶುರು ಮಾಡುವ ಮೊದಲೇ ಪಿಂಚಣಿ, ಮೊಣಕಾಲು ನೋವು ಎಂದು ಬೇರೆ ಮಾತು ತೆಗೆದ. ಮೊಮ್ಮಗಳಿಗೆ ಒಂದು ಫ್ರಾಕ್ ತೆಗೆದುಕೊಂಡು ಹೋಗಿದ್ದೆ, ಅದನ್ನು ಇಟ್ಟು ಬಂದೆ.

ಈಸ್ಟರ್ ಕಳೆದ ಮೇಲೆ ನನ್ನ ಮಗಳ ಮದುವೆ ಇದೆ. ಸೋದರಮಾವ ಮತ್ತೆ ಬರುತ್ತಾರೆ. ಈ ಸಲ ಹಾಲ್ ಅಲ್ಲ, ನಮ್ಮ ಮನೆಯಂಗಳ. ಹಂದಿ ಸುಡುವುದು ಹಟ್ಟಿಯ ಹಿಂದೆ, ಗಾಳಿ ಗದ್ದೆಯ ಕಡೆ ಹೋಗುವ ಜಾಗದಲ್ಲಿ. ಬೆಂಕಿ ಬೆಳಗ್ಗೆ 9ಕ್ಕೆ. ಸಣ್ಣ ಹಂದಿ ಮೂರು, ದೊಡ್ಡದು ಬೇಡ. ಕತ್ತರಿಸಿ ತಟ್ಟೆಯಲ್ಲಿ ಹಾಕಿಯೇ ಮುಂದೆ ತರುವುದು, ಅದೂ ಕೇಳಿದವರಿಗೆ ಮಾತ್ರ. ಪತ್ರ ಬರೆದವರಿಗೂ ಕರೆ ಇದೆ, ತರಕಾರಿ ಊಟ ಮುಂದಿನ ಚಪ್ಪರದಲ್ಲಿ.

ಮೊನ್ನೆ ಸ್ನೇಹಿತನಿಗೆ ಕರೆಯೋಲೆ ಕೊಡಲು ಹೋಗಿದ್ದೆ. ಓದಿದ, ಮಡಚಿ ಜೇಬಿಗೆ ಹಾಕಿದ. ಆಮೇಲೆ ಕನ್ನಡಕ ತೆಗೆದು ಕೇಳಿದ, "ದಾರಿ ಬರೆದಿದ್ದೀ, ಸರಿ. ಜನರೇಟರ್ ಎಲ್ಲಿಡ್ತೀ?"

ಇತಿ,
ಒಬ್ಬ ನಿವೃತ್ತ ಪೋಸ್ಟ್‌ಮನ್
ಕಿನ್ನಿಗೋಳಿ ಸಮೀಪ