ಡೆಂಗಿ: ಈ ಭಾನುವಾರ ಕುಂಡದ ತಟ್ಟೆ ಎತ್ತಿ ನೋಡಿ
ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ತುಳಸಿ ಕುಂಡದ ಕೆಳಗಿನ ತಟ್ಟೆ ಎತ್ತಿದರೆ, ಅರ್ಧ ಲೋಟದಷ್ಟು ನೀರಲ್ಲಿ ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು! ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಿಲ್ಲ, ಇಂಥ ತಿಳಿನೀರೇ ಸಾಕು. ಕಚ್ಚುವುದೂ ಹಗಲಲ್ಲೇ ಜಾಸ್ತಿ. ಮೊಟ್ಟೆಗಳು ಪಾತ್ರೆಯ ಒಳಬದಿಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತವೆ. ಸುಮ್ನೆ ನೀರು ಚೆಲ್ಲಿದರೆ ಸಾಲದು. ಡ್ರಮ್, ಬಕೆಟ್, ಫ್ರಿಜ್ ಹಿಂದಿನ ಟ್ರೇ ಎಲ್ಲವನ್ನೂ ವಾರಕ್ಕೊಮ್ಮೆ ಉಜ್ಜಿ ಒಣಗಿಸಿ. ಮೇಲಿನ ಟ್ಯಾಂಕಿನ ಮುಚ್ಚಳ ನಾನು ನೋಡಿಕೊಳ್ಳುತ್ತೇನೆ.

ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಮೈಕೈ ನೋವಿಗೆ ನೀವೇ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಆಗಬಹುದು. ಜ್ವರ ಇಳಿಯಿತು ಅಂತ ಮೈಮರೆಯಬೇಡಿ, ಡೆಂಗಿಯಲ್ಲಿ ಅಪಾಯ ಶುರುವಾಗುವುದು ಹೆಚ್ಚಾಗಿ ಆಗಲೇ. ಜೋರು ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಪಪ್ಪಾಯಿ ಎಲೆ ರಸದಿಂದ ಡೆಂಗಿ ವಾಸಿಯಾಗುತ್ತದೆ ಅನ್ನುವ ಫಾರ್ವರ್ಡ್ ಮಾತ್ರ ಈ ಗ್ರೂಪಲ್ಲಿ ಬೇಡ, ಪ್ಲೀಸ್.