ಒಂದೇ ಮಂಚದ ಕಥೆ ಶಿರಸಿಯಲ್ಲಿ ನಡೆಯುವುದಿಲ್ಲ

ಪ್ರೀತಿಯ ತಂಗಿ,

ನಿನ್ನ ಮೊದಲ ಮೂರು ಅಧ್ಯಾಯ ಓದಿದೆ. ಜೊತೆಗಿಟ್ಟ ಚೀಟಿಯನ್ನೂ ಓದಿದೆ. ‘ಇದು ಬರೀ ಲವ್ ಸ್ಟೋರಿ, ನಿಮ್ಮಂಥವರಿಗೆ ಹಿಡಿಸದೇ ಇರಬಹುದು’ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಇನ್ನು ಯಾರಿಗೂ ಬರೆಯಬೇಡ. ಕೊಲೆ ಕಥೆ ಬರೆಯುವವರು ಯಾರೂ ಹೀಗೆ ಮೊದಲೇ ಕೈಮುಗಿದು ನಿಲ್ಲುವುದನ್ನು ನಾನು ಕಂಡಿಲ್ಲ. ಪ್ರೀತಿಯ ಕಥೆ ಬರೆಯುವವಳಿಗೆ ಯಾಕೆ ಆ ಸಂಕೋಚ?

ಈ ಮಳೆಗಾಲ ಪೂರ್ತಿ ನಾನು ಓದಿದ್ದೂ ಅದನ್ನೇ. ನಾದಿನಿಯ ಮಗಳು ಬೆಂಗಳೂರಿನಿಂದ ಬಂದವಳು ಒಂದು ಚೀಲ ಇಂಗ್ಲಿಷ್ ರೊಮಾನ್ಸ್ ಬಿಟ್ಟು ಹೋದಳು. ಹೋಗುವ ಮೊದಲು ನನ್ನ ಫೋನಿಗೆ ಪ್ರತಿಲಿಪಿ ಅನ್ನುವ ಕಥೆ ಓದುವ ಆ್ಯಪ್ ಹಾಕಿಕೊಟ್ಟಳು. ಅಂಗಳಕ್ಕೆ ಇಳಿಯುವ ಹಾಗಿಲ್ಲದಷ್ಟು ಮಳೆ, ಸುಮ್ನೆ ಕೂತು ಓದಿದೆ. ಕೆಲವನ್ನು ಒಲೆ ಮೇಲಿನ ಹಾಲು ಮರೆತು ಓದಿದೆ, ಕೆಲವನ್ನು ಬೈದುಕೊಂಡು ಓದಿದೆ. ಸ್ವಲ್ಪ ದಿನದಲ್ಲೇ ಗೊತ್ತಾಗಿಹೋಯಿತು, ಎಲ್ಲಾ ಕಡೆ ಅದೇ ಏಳೆಂಟು ಅಚ್ಚು. ಮೊದಲು ಹಾವು ಮುಂಗುಸಿ, ಆಮೇಲೆ ಪ್ರೀತಿ. ಸುಳ್ಳು ನಿಶ್ಚಿತಾರ್ಥ. ಕಾಂಟ್ರ್ಯಾಕ್ಟ್ ಮದುವೆ. ಸಿಡುಕ ಹುಡುಗ, ನಗುಮುಖದ ಹುಡುಗಿ. ಬಿಟ್ಟುಹೋದವನು ಹತ್ತು ವರ್ಷದ ಮೇಲೆ ವಾಪಸು ಬರುವುದು. ಮಳೆಯಲ್ಲಿ ಸಿಕ್ಕಿಬಿದ್ದ ಇಬ್ಬರು, ಲಾಡ್ಜಿನಲ್ಲಿ ಉಳಿದದ್ದು ಒಂದೇ ರೂಮು, ರೂಮಿನಲ್ಲಿ ಒಂದೇ ಮಂಚ. ಇವಕ್ಕೆಲ್ಲ ಟ್ರೋಪ್ ಅನ್ನುತ್ತಾರಂತೆ. ಈಗಿನವರು ಲೇಖಕರ ಹೆಸರು ಬಿಟ್ಟು ಟ್ರೋಪ್ ಹೆಸರು ಹಾಕಿಯೇ ಪುಸ್ತಕ ಹುಡುಕುತ್ತಾರೆ ಅಂತ ಆ ಹುಡುಗಿ ಹೇಳಿದಳು.

ಅಚ್ಚು ಅಂದ ಕೂಡಲೇ ಮೂಗು ಮುರಿಯುವವರು ನಮ್ಮಲ್ಲಿ ಜಾಸ್ತಿ. ಇದೇನು ಇವತ್ತಿನ ಮಾತಲ್ಲ. ಮಿಲ್ಸ್ ಆ್ಯಂಡ್ ಬೂನ್ 1908ರಲ್ಲಿ ಲಂಡನ್ನಿನಲ್ಲಿ ಶುರುವಾದಾಗ ಎಲ್ಲಾ ಥರದ ಪುಸ್ತಕ ಹಾಕುತ್ತಿತ್ತು. 1930ರ ದಶಕದ ಹೊತ್ತಿಗೆ ಪ್ರೇಮಕಥೆಯನ್ನೇ ಹಿಡಿದುಕೊಂಡಿತು, ಯಾಕೆಂದರೆ ಬಾಡಿಗೆ ಲೈಬ್ರರಿಗಳಲ್ಲಿ ಹೆಂಗಸರು ಕೇಳುತ್ತಿದ್ದದ್ದು ಅದನ್ನೇ. ನಮ್ಮಲ್ಲೂ ‘ಸುಧಾ’ 1965ರಲ್ಲಿ ಬಂತು, ‘ತರಂಗ’ 1983ರಲ್ಲಿ. ಧಾರಾವಾಹಿಯ ಪುಟ ಮೊದಲು ಯಾರು ಓದಬೇಕು ಅಂತ ಮನೆಮನೆಯಲ್ಲಿ ಜಗಳ. ಓದಿ ಅತ್ತವರೇ ಹೊರಗೆ ಬಂದು ‘ಅದೇನು ಹೆಂಗಸರ ಕಥೆ’ ಅನ್ನುತ್ತಿದ್ದರು. ಅಮೆರಿಕದಲ್ಲಿ 1980ರಲ್ಲಿ ಹುಟ್ಟಿದ ರೊಮಾನ್ಸ್ ಲೇಖಕರ ಸಂಘ ಈ ಜಾತಿಯ ಕಾದಂಬರಿಗೆ ಎರಡೇ ಲಕ್ಷಣ ಹೇಳುತ್ತದೆ: ಕಥೆಯ ನಡುಮನೆಯಲ್ಲಿ ಪ್ರೀತಿಯೇ ಇರಬೇಕು, ಕೊನೆಗೆ ಓದುಗರಿಗೆ ಸಮಾಧಾನ ಆಗಬೇಕು, ನಾಳೆ ಒಳ್ಳೆಯದೇ ಆದೀತು ಅನ್ನಿಸಬೇಕು. ನಮ್ಮ ಕಡೆ ಕಣ್ಣೀರಲ್ಲಿ ಮುಗಿದರೆ ಸಾಹಿತ್ಯ, ನಗುವಿನಲ್ಲಿ ಮುಗಿದರೆ ಟೈಂಪಾಸ್ ಅಂತ ಒಂದು ಹಳೇ ರೋಗ ಇದೆ. ಆ ಭಯಕ್ಕೆ ನೀನು ನಿನ್ನ ಹುಡುಗಿಯನ್ನು ಕೊಂದುಬಿಡಬೇಡ. ಮೂರನೇ ಅಧ್ಯಾಯದಲ್ಲೇ ಅವಳಿಗೆ ತಲೆನೋವು ಶುರುವಾಗಿದೆ, ನನಗೆ ಅನುಮಾನ.

ಕೊನೆ ಗೊತ್ತಿದ್ದರೆ ಯಾರು ಓದುತ್ತಾರೆ ಅಂತ ಕೇಳಿದ್ದೀಯ. ಯಕ್ಷಗಾನದಲ್ಲಿ ಚಂದ್ರಹಾಸ ಪ್ರಸಂಗ ನೋಡಲು ಕೂತವರಲ್ಲಿ ಕೊನೆ ಗೊತ್ತಿಲ್ಲದವರು ಯಾರಿದ್ದಾರೆ ಹೇಳು? ಅವನು ಸಾಯುವುದಿಲ್ಲ ಅಂತ ಮಕ್ಕಳಿಗೂ ಗೊತ್ತು. ಆದರೂ ಜನ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕೂರುತ್ತಿದ್ದರು. ಆ ತೋಟದ ಸನ್ನಿವೇಶ ನೆನಪಿದೆಯಲ್ಲ. ‘ಇವನಿಗೆ ವಿಷ ಕೊಡು’ ಅಂತ ಮಂತ್ರಿ ದುಷ್ಟಬುದ್ಧಿ ತನ್ನ ಮಗನಿಗೆ ಬರೆದ ಕಾಗದ. ಅದನ್ನು ತಂದ ಹುಡುಗನೇ ಮರದಡಿ ನಿದ್ದೆ ಹೋಗಿದ್ದಾನೆ. ದುಷ್ಟಬುದ್ಧಿಯ ಮಗಳು ವಿಷಯೆ ಬರುತ್ತಾಳೆ, ಅವನನ್ನು ನೋಡುತ್ತಾಳೆ, ಮನಸ್ಸು ಕೊಡುತ್ತಾಳೆ, ಆಮೇಲೆ ಕಾಗದ ಬಿಚ್ಚಿ ಓದುತ್ತಾಳೆ. ಓದಿ ಅಳುತ್ತಾ ಓಡಿಹೋಗುವುದಿಲ್ಲ. ಕಣ್ಣಿನ ಕಾಡಿಗೆ ತೆಗೆದು ಒಂದಕ್ಷರ ಸೇರಿಸುತ್ತಾಳೆ. ವಿಷ ಕೊಡು ಅಂತ ಇದ್ದದ್ದು ವಿಷಯೆಯನ್ನು ಕೊಡು ಅಂತ ಆಗುತ್ತದೆ. ಅಪ್ಪ ಕೊಲ್ಲಲು ಕಳಿಸಿದವನನ್ನು ಅಪ್ಪನ ಕಾಗದದಿಂದಲೇ ಮದುವೆ ಮಾಡಿಕೊಳ್ಳುತ್ತಾಳೆ. ಎಂಥಾ ಧೈರ್ಯ ಅಲ್ವಾ! ನಾನು ಈ ಮಳೆಗಾಲ ಓದಿದ ನಾಯಕಿಯರಲ್ಲಿ ಹೆಚ್ಚಿನವರು ಇವಳ ಕಾಲುಗುರಿಗೂ ಸಮ ಇರಲಿಲ್ಲ.

ಯಾಕೆ ಹೇಳುತ್ತೇನೆ ಅಂದರೆ, ಎಲ್ಲಾ ಪುಸ್ತಕದಲ್ಲೂ ಮುಕ್ಕಾಲು ಭಾಗ ಮುಗಿಯುವಾಗ ಒಂದು ಜಗಳ ಬರುತ್ತದೆ. ಅವಳು ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುತ್ತಾಳೆ. ಬ್ಯಾಗು ತುಂಬಿ ಹೊರಡುತ್ತಾಳೆ. ಅವನು ಫೋನು ಮಾಡುವುದಿಲ್ಲ. ಅರೆ, ಒಂದು ಫೋನು ಮಾಡಿದರೆ ಮುಗಿಯಿತಲ್ಲ! ಐವತ್ತು ಪುಟ ಬರೀ ಇದಕ್ಕೇ ಹೋಗುತ್ತದೆ. ನನಗೆ ಸಿಟ್ಟು ಬರುವುದು ಇಂಥ ಕಡೆ. ಇಬ್ಬರು ಮಾತಾಡದೇ ಇರಲು ಕಾರಣ ಬೇಕು. ಇಬ್ಬರು ಒಂದೇ ಕಡೆ ಸಿಕ್ಕಿಬೀಳಲೂ ಕಾರಣ ಬೇಕು. ಆ ಕಾರಣ ಬೇರೆಯವರ ಪುಸ್ತಕದಿಂದ ಬಂದರೆ ಕಥೆ ಅಲ್ಲಾಡುತ್ತದೆ. ನೀನು ಕಂಡ ಊರಿನಿಂದ, ಆ ಇಬ್ಬರ ಸ್ವಭಾವದಿಂದ ಬಂದರೆ ಎಷ್ಟು ಹಳೇ ಅಚ್ಚಾದರೂ ಹೊಸದಾಗಿ ನಿಲ್ಲುತ್ತದೆ. ನಿನಗೆ ಹೇಳಬೇಕು ಅಂದುಕೊಂಡದ್ದು ಮುಖ್ಯವಾಗಿ ಇದೇ.

ನಿನ್ನ ಮಂಚದ ವಿಷಯಕ್ಕೆ ಬರುತ್ತೇನೆ. ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತದೆ ಅಂತ ಬರೆದಿದ್ದೀಯ. ಸರಿ, ಆಗುವುದೇ. ಆಮೇಲೆ ಅವರಿಬ್ಬರಿಗೆ ಒಂದು ಲಾಡ್ಜ್ ಸಿಗುತ್ತದೆ. ಆ ಕಾಡಿನಲ್ಲಿ ಯಾವ ಲಾಡ್ಜ್ ಮಾರಾಯ್ತಿ? ನಿಜಕ್ಕೂ ಏನಾಗುತ್ತದೆ ಹೇಳುತ್ತೇನೆ. ರಸ್ತೆಯಿಂದ ಒಳಗೆ ದೀಪ ಕಂಡ ಮನೆಗೆ ಹೋಗುತ್ತಾರೆ. ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ಬಿಸಿ ಕಷಾಯ. ಅದು ಮುಗಿಯುವ ಮೊದಲೇ ಅಜ್ಜಿ ಶುರು ಮಾಡುತ್ತಾಳೆ. ಯಾವ ಊರು, ಯಾರ ಮನೆ, ತಾಯಿ ಮನೆ ಎಲ್ಲಿ. ಅರ್ಧ ಗಂಟೆಯಲ್ಲಿ ಹುಡುಗನ ಸೋದರತ್ತೆಗೂ ಅಜ್ಜಿಗೂ ನೆಂಟಸ್ತಿಕೆ ಸಿಕ್ಕಿಬಿಡುತ್ತದೆ. ಹುಡುಗನಿಗೆ ಜಗಲಿಯಲ್ಲಿ ಚಾಪೆ. ಹುಡುಗಿಗೆ ಒಳಗೆ ಅಜ್ಜಿಯ ಪಕ್ಕ. ನಡುವೆ ಎರಡು ಬಾಗಿಲು, ಒಂದು ನಾಯಿ. ಬೆಳಿಗ್ಗೆ ದೋಸೆ ತಿನ್ನುವ ಹೊತ್ತಿಗೆ ಇಬ್ಬರ ಮನೆಗೂ ಸುದ್ದಿ ಮುಟ್ಟಿರುತ್ತದೆ. ಇದನ್ನು ಬರೆ. ಮಂಚಕ್ಕಿಂತ ಇದರಲ್ಲೇ ಮಜಾ ಜಾಸ್ತಿ. ಅಜ್ಜಿಯ ಗೊರಕೆ ಕೇಳುತ್ತಾ ಎಚ್ಚರ ಮಲಗಿದವಳಿಗೆ ಜಗಲಿಯಲ್ಲಿ ಅವನು ಕೆಮ್ಮಿದ್ದು ಕೇಳಿಸಿತು ಅಂದರೆ ಸಾಕು.

ಇಬ್ಬರನ್ನು ಒಂದೇ ಕಡೆ ಕೂರಿಸಬೇಕು ಅಂದರೆ ನಮ್ಮಲ್ಲಿ ದಾರಿ ಬೇಕಾದಷ್ಟಿದೆ. ಅಡಿಕೆ ಕೊನೆ ಕೊಯ್ಲಿನ ಕಾಲ ನೋಡು. ಹಸಿ ಅಡಿಕೆ ಬಹಳ ದಿನ ಇಡುವ ಹಾಗಿಲ್ಲ, ರಾತ್ರಿ ಕೂತು ಸುಲಿದು ಮುಗಿಸಬೇಕು. ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಸಾಲಾಗಿ ಕೂರುತ್ತಾರೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ಕಣ್ಣು ಕತ್ತಿಯ ಮೇಲೇ ಇರಬೇಕು. ಮುಖ ನೋಡುವ ಹಾಗಿಲ್ಲ, ಮಾತಿಗೆ ಮಾತ್ರ ತಡೆ ಇಲ್ಲ. ಈಗ ಸುಲಿಯುವ ಮಷೀನು ಬಂದಿದೆ, ಆದರೂ ಆ ಸಾಲು ಪೂರ್ತಿ ಹೋಗಿಲ್ಲ. ಒಬ್ಬಳು ಸುಲಿಯಲು ಬಂದ ಹುಡುಗಿ, ಒಬ್ಬ ಬೆಂಗಳೂರು ಬಿಟ್ಟು ಬಂದ ಮನೆಯ ಮಗ, ಅಡಿಕೆ ಸುಲಿಯಲು ಬಾರದೆ ಬೆರಳು ಕೊಯ್ದುಕೊಂಡವನು. ಚೊಗರು ಹತ್ತಿ ಕಪ್ಪಾದ ಅವಳ ಬೆರಳು ವಾರವಾದರೂ ಬಿಳಿಯಾಗುವುದಿಲ್ಲ. ಅವನ ಬೆರಳೂ ಹಾಗೇ ಆಗುವವರೆಗೆ ನೀನು ಕಥೆ ಎಳೆಯಬಹುದು. ನಿಧಾನಕ್ಕೆ ಹತ್ತಿಕೊಳ್ಳುವ ಪ್ರೀತಿ ನಿನಗೆ ಇಷ್ಟ ಅಂದೆಯಲ್ಲ, ಇಲ್ಲಿದೆ ನೋಡು.

ನೀನಂತೂ ಕಾರವಾರದವಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ವರ್ಷವಿಡೀ ನೀರಿನ ಮೇಲೇ ಇರುವ ಬೈತಖೋಲ ಬಂದರಿನ ತಾಂಡೇಲ, ಅಂದರೆ ಬೋಟು ನಡೆಸುವವನು, ಅರವತ್ತೊಂದು ದಿನ ಮನೆಯಲ್ಲಿ ಕೂರಬೇಕು. ಹೊಸದಾಗಿ ಮದುವೆಯಾದ ಹೆಂಡತಿಗೆ ಗಂಡನ ಪರಿಚಯ ಆಗುವುದೇ ಆಗ. ಬಲೆ ಹೊಲಿಯುತ್ತಾ ಕೂತವನು ಅಡಿಗೆಮನೆಗೆ ಬಂದು ಉಪ್ಪು ಜಾಸ್ತಿ ಆಯಿತು ಅಂತ ಹೇಳಲು ಶುರು ಮಾಡುತ್ತಾನೆ. ಕಾದಂಬರಿಗೆ ಸರಿಯಾದ ಅವಧಿ, ಸರ್ಕಾರವೇ ಗೊತ್ತು ಮಾಡಿಕೊಟ್ಟಿದೆ.

ಹಾವು ಮುಂಗುಸಿ ಅಚ್ಚು ನನಗೆ ಬಹಳ ಇಷ್ಟ. ಆದರೆ ನಿನ್ನ ಹುಡುಗಿ ಅವನನ್ನು ದ್ವೇಷಿಸುವುದು ಯಾಕೆ? ಅವನ ಕಾರು ಇವಳ ಚೂಡಿದಾರಕ್ಕೆ ಕೆಸರು ಹಾರಿಸಿತು ಅಂತ. ಅಷ್ಟಕ್ಕೆ ಇನ್ನೂರು ಪುಟ ಸಿಟ್ಟೇ? ಒಗೆದರೆ ಹೋಗುತ್ತದೆ. ಘಟ್ಟದ ಮೇಲೆ ತೋಟಕ್ಕೆ ಸೊಪ್ಪು ತರುವ ಬೆಟ್ಟದ ಗಡಿಗೆ, ತೋಟಕ್ಕೆ ಬರುವ ಹಳ್ಳದ ನೀರಿಗೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಒಂದೇ ದಾರಿಯಲ್ಲಿ ದಿನಾ ಎದುರಾಗುತ್ತಾರೆ, ಛತ್ರಿ ಓರೆ ಮಾಡಿಕೊಂಡು ಹೋಗುತ್ತಾರೆ. ನಿಮ್ಮ ಕಡೆ ಇದಕ್ಕಿಂತ ದೊಡ್ಡ ಗಾಯವೇ ಇದೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ನಡುವಿನ ದಂಡೆಯ ಊರುಗಳಿಂದ ಸಾವಿರಾರು ಕುಟುಂಬ ಎದ್ದು ಹೋದವು. ಪರಿಹಾರದ ಕೇಸು ವರ್ಷಗಟ್ಟಲೆ ಎಳೆಯಿತು. ಅಂಥ ಒಂದು ಮನೆಯ ಮೊಮ್ಮಗಳಿಗೆ ನೌಕಾಪಡೆಯ ಹುಡುಗನ ಮೇಲೆ ಮನಸ್ಸಾದರೆ? ಅಜ್ಜ ಊಟಕ್ಕೆ ಕೂತಾಗಲೂ ಬಿಟ್ಟುಬಂದ ಮನೆಯ ಬಾವಿ ನೀರಿನ ರುಚಿ ಹೇಳುವವನು. ಅವಳು ಹೇಗೆ ಹೇಳುತ್ತಾಳೆ ಅವನಿಗೆ? ಈ ದ್ವೇಷಕ್ಕೆ ಇನ್ನೂರು ಪುಟ ಸಾಲುವುದಿಲ್ಲ.

ಕಾಂಟ್ರ್ಯಾಕ್ಟ್ ಮದುವೆ ಫೋನಿನ ಕಥೆಗಳಲ್ಲಿ ಸಿಕ್ಕಾಪಟ್ಟೆ. ಒಂದು ವರ್ಷ ಗಂಡ ಹೆಂಡತಿ ಥರ ಇರುವುದು, ಮರುದಿನ ಸಹಿ ಹಾಕಿ ಬೇರೆಯಾಗುವುದು. ಬರೆಯುವ ಮೊದಲು ಒಬ್ಬ ವಕೀಲರನ್ನು ಕೇಳಿಬಿಡು. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆಯಾಗಿ ವರ್ಷ ತುಂಬುವ ಮೊದಲು ವಿಚ್ಛೇದನಕ್ಕೆ ಅರ್ಜಿ ಹಾಕಲು ಸಾಧಾರಣವಾಗಿ ಬರುವುದಿಲ್ಲ. ಇಬ್ಬರೂ ಒಪ್ಪಿ ಬಿಡುವುದಾದರೂ ಒಂದು ವರ್ಷ ಬೇರೆಬೇರೆ ಇದ್ದಿರಬೇಕು. ಒಂದೇ ಸೂರಿನಡಿ ಬೆಚ್ಚಗೆ ವರ್ಷ ಕಳೆದವರಿಗೆ ಮರುದಿನ ಬಿಡುಗಡೆ ಎಲ್ಲಿಂದ ಸಿಗಬೇಕು? ಇದು ಅವರಿಗೆ ಹನ್ನೊಂದನೇ ತಿಂಗಳಲ್ಲಿ ಗೊತ್ತಾದರೆ ಅಲ್ಲೇ ಒಂದು ಒಳ್ಳೆಯ ಅಧ್ಯಾಯ ಇದೆ. ಧರ್ಮ ದಾಟಿದ ಜೋಡಿಯಾದರೆ 1954ರ ವಿಶೇಷ ವಿವಾಹ ಕಾಯ್ದೆ. ಅರ್ಜಿ ಕೊಟ್ಟ ಮೇಲೆ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನೋಟಿಸು ಹಚ್ಚುತ್ತಾರೆ, 30 ದಿನ ಕಾಯಬೇಕು. ಸಣ್ಣ ಊರಿನ ಕಚೇರಿ, ದಿನಾ ಪರಿಚಯದವರು ಸುಳಿಯುವ ಜಾಗ. ಆ ಗೋಡೆಯ ಮೇಲೆ ನಿನ್ನ ಹುಡುಗಿಯ ಹೆಸರು. ಯಾವ ಖಳನಾಯಕ ಬೇಕು ಇನ್ನು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅನ್ನುವುದು ನಿನಗೂ ಗೊತ್ತು. ಓದಿದ ಹುಡುಗಿಯರು ಊರಿಗೆ ಬರಲು ಒಪ್ಪುವುದಿಲ್ಲ, ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಹೊರ ರಾಜ್ಯದಿಂದ ಹೆಣ್ಣು ತಂದ ಮನೆಗಳೂ ಇವೆ. ಭಾಷೆ ಬಾರದ ಸೊಸೆ, ಅವಳ ಭಾಷೆ ಬಾರದ ಅತ್ತೆ, ನಡುವೆ ತಂಬುಳಿ. ಮೊದಲು ಮದುವೆ, ಆಮೇಲೆ ಪ್ರೀತಿ ಅನ್ನುವ ಅಚ್ಚಿಗೆ ಇದಕ್ಕಿಂತ ಚೆನ್ನಾದ ನೆಲ ಎಲ್ಲಿದೆ? ಇದನ್ನು ಯಾರಾದರೂ ಸಿನಿಮಾ ನಗೆಗೆ ಇಳಿಸದೆ ಬರೆಯಬೇಕು. ನಿನಗೆ ಬೇಡವಾದರೆ ಬೇರೆ ಯಾರಿಗಾದರೂ ಹೇಳುತ್ತೇನೆ.

ಮುಂಗೈ ಹಿಡಿದೆಳೆಯುವ, ಬೇಡ ಅಂದರೂ ಬೆನ್ನು ಬಿಡದ ನಾಯಕ ನನಗೆ ಬೇಡ. ನಿನ್ನವನು ಎರಡನೇ ಅಧ್ಯಾಯದಲ್ಲಿ ಒಮ್ಮೆ ಎಳೆದಿದ್ದಾನೆ. ತೆಗೆದುಬಿಡು.

ಕಡಲಿನ ಸೂರ್ಯಾಸ್ತ ಒಂದು ಪುಟ ಇದೆ. ರವೀಂದ್ರನಾಥ ಟ್ಯಾಗೋರರು, ಅವರ ಅಣ್ಣ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ತರುಣನಾಗಿ ಬಂದು ಅದೇ ಕಡಲನ್ನು ಮನಸಾರೆ ಹೊಗಳಿ ಆಗಿದೆ, ಬೀಚಿಗೆ ಅವರ ಹೆಸರೂ ಇಟ್ಟಾಗಿದೆ. ನೀನು ಮೂರು ಸಾಲಿಗೆ ನಿಲ್ಲಿಸಬಹುದು.

ಅದರ ಬದಲು ಮೀನು ಮಾರ್ಕೆಟ್ಟಿನ ಆ ಅರ್ಧ ಪುಟವನ್ನು ಬೆಳೆಸು. ನಿನ್ನ ಹುಡುಗಿಯ ಅಮ್ಮ ಬಂಗಡೆಯ ಕಿವಿರು ಎತ್ತಿ ಕೆಂಪಿದೆಯಾ ನೋಡುತ್ತಾಳೆ, ರೇಟು ಕೇಳಿ ಹೊರಟ ಹಾಗೆ ಮಾಡುತ್ತಾಳೆ. ಹುಡುಗ ಮೂಗಿಗೆ ಕರ್ಚೀಫು ಹಿಡಿದು ದೂರ ನಿಂತಿದ್ದಾನೆ. ನಿನ್ನ ಹುಡುಗಿಗೆ ಅಲ್ಲಿ ಅವನ ಮೇಲೆ ಸಿಟ್ಟು ಬರುತ್ತದೆ ನೋಡು, ಆ ಸಿಟ್ಟು ನಿಜವಾದದ್ದು. ಕೆಸರು ತೆಗೆದುಹಾಕಿ ಇಲ್ಲಿಂದಲೇ ಕಥೆ ಶುರು ಮಾಡು. ಆ ಕರ್ಚೀಫು ಯಾವ ಅಧ್ಯಾಯದಲ್ಲಿ ಜೇಬಿಗೆ ಹೋಗುತ್ತದೆ ಅನ್ನುವುದನ್ನು ನೀನೇ ಯೋಚಿಸು.

ಇನ್ನೊಂದು. ನಿನ್ನ ಅಮ್ಮ ಪಾತ್ರ ಟಿವಿ ಸೀರಿಯಲ್ ಕನ್ನಡ ಮಾತಾಡುತ್ತದೆ. ಕಾರವಾರದ ಮನೆಯಲ್ಲಿ ಕೊಂಕಣಿ ಇಲ್ಲದೆ ಒಂದು ಹೊತ್ತು ಕಳೆಯುತ್ತದಾ? ಅವಳು ಬೈಯುವುದು ಯಾವುದರಲ್ಲಿ, ದೇವರಿಗೆ ಹೇಳಿಕೊಳ್ಳುವುದು ಯಾವುದರಲ್ಲಿ? ಹುಡುಗ ಬೆಂಗಳೂರಿನವನು, ಅವನಿಗೆ ಕೊಂಕಣಿ ಬಾರದು. ಅವನ ಎದುರೇ ಅಮ್ಮ ಮಗಳು ಅವನ ಬಗ್ಗೆ ಮಾತಾಡಿಕೊಳ್ಳಬಹುದು. ಎಷ್ಟು ದಿನ ಅವನಿಗೆ ಅರ್ಥ ಆಗದೇ ಇರುತ್ತದೆ?

ಸುಳ್ಳು ನಿಶ್ಚಿತಾರ್ಥ ಬೇಕೇ ಬೇಕು ಅಂದರೆ ಇಟ್ಟುಕೋ. ಆದರೆ ಸುಳ್ಳು ಮೊದಲು ಯಾರ ಬಾಯಿಂದ ಯಾರ ಕಿವಿಗೆ ಹೋಯಿತು, ಎಷ್ಟು ಹೊತ್ತಿಗೆ ಊರು ದಾಟಿತು, ಮದುವೆ ಹಾಲ್ ನೋಡಲು ಹೊರಟವರು ಯಾರು, ಅಷ್ಟು ಬರೆದು ಕಳಿಸು. ದೀಪಾವಳಿ ಒಳಗೆ ಬಂದರೆ ಒಳ್ಳೆಯದು, ಆಮೇಲೆ ನಮ್ಮಲ್ಲಿ ಕೊನೆ ಕೊಯ್ಲು ಶುರು. ಫೋನಿಗೆ ಕಳಿಸಬೇಡ, ಪ್ರಿಂಟ್ ಹಾಕಿಸು. ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಲು ಜಾಗ ಬಿಡು, ಈ ಸಲ ಬಿಟ್ಟದ್ದು ಸಾಲಲಿಲ್ಲ.

ಇತಿ,
ಶಿರಸಿಯ ಅಕ್ಕ